ಆ ಪ್ಯಾಕೇಜ್‌ನಲ್ಲಿ ಏನಿತ್ತು?

ಇವತ್ತು ರಾಜಕೀಯ ಬೇಡ. ರೆಸಾರ್ಟ್ ಬೇಡ, ರಾಜೀನಾಮೆ ಬೇಡ, ಯಾರು ಯಾರಿಗೆ ಏನಂದ್ರು ಅನ್ನೋದೂ ಬೇಡ. ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಮಾತಾಡೋಣ. "ಮಕ್ಕಳಾಟ ಕಟ್ಕೊಂಡು ನಮಗೇನಾಗ್ಬೇಕು" ಅಂತ ರಿಮೋಟ್ ಕೈಗೆ ತಗೊಂಡವರು ಸ್ವಲ್ಪ ತಾಳಿ. ಈ ಆಟ ಹುಟ್ಟಿದ್ದು ಜಪಾನಿನಲ್ಲಿ. ಆದರೆ ಅದು ಬಂದು ನಿಲ್ಲೋದು ನನ್ನ ನ್ಯೂಸ್ ಡೆಸ್ಕ್ ಮೇಲೆ, ನಿಮ್ಮ ಮೊಬೈಲ್ ಒಳಗೆ.

ಕೆಲವು ತಿಂಗಳ ಹಿಂದೆ ನ್ಯೂಜೆರ್ಸಿಯಲ್ಲಿರೋ ನಮ್ಮ ದೊಡ್ಡಪ್ಪನ ಮಗಳು ಊರಿಗೆ ಬಂದಿದ್ದಳು. ಅವಳ ಮಗ ಈಗ ಕಾಲೇಜು ಹುಡುಗ. "ಇದು ಅವನಿಗೆ ಬೇಡ್ವಂತೆ ಕಣೋ, ಎಸೆಯೋಕೆ ಮನಸ್ಸು ಬರ್ಲಿಲ್ಲ, ನೀನಾದ್ರೂ ಇಟ್ಕೋ" ಅಂತ ಅಕ್ಕ ಒಂದು ಪುಟ್ಟ ಯಂತ್ರ ಕೈಗಿಟ್ಟಳು. ಕಂಪಾಸ್ ಬಾಕ್ಸ್ ತರ ಮಡಚೋ ಯಂತ್ರ. ತೆಗೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಮಡಚೋ ಜಾಗದಲ್ಲಿ ಸ್ವಲ್ಪ ಸಡಿಲ ಆಗಿತ್ತು, ಅಷ್ಟೇ. ಅದು ನಿಂಟೆಂಡೊ ಡಿಎಸ್. 2004ರಲ್ಲಿ ಬಂದು, ಪ್ರಪಂಚದಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ. ಒಳಗೆ ಅಂಚೆ ಚೀಟಿ ಗಾತ್ರದ ಒಂದು ಕಾರ್ಡ್ ಇತ್ತು. ಅದರ ಮೇಲಿನ ಹೆಸರು ಓದಿದೆ ನೋಡಿ, ಹದಿನೈದು ಹದಿನಾರು ವರ್ಷ ಹಿಂದಕ್ಕೆ ಹೋದೆ. ಫೈನಲ್ ಫ್ಯಾಂಟಸಿ 4.

ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಕಾಲದಲ್ಲಿ ಒಂದು ಫ್ಲೋರ್‌ಗೆ ಒಂದೋ ಎರಡೋ ಕಂಪ್ಯೂಟರ್. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಅದರ ಮುಂದೆ ಕೂತು ನಾನು ಮುಗಿಸಿದ್ದು ಇದೇ ಆಟ. ಹಳೇ ಆಟದ ಯಂತ್ರವನ್ನು ಕಂಪ್ಯೂಟರ್ ಒಳಗೇ ನಕಲು ಮಾಡೋ ಸಾಫ್ಟ್‌ವೇರ್‌ಗೆ ಎಮ್ಯುಲೇಟರ್ ಅಂತಾರೆ. ಅದರಲ್ಲಿ ಆಡಿದ್ದು ಕಾಪಿ ಮಾಡಿದ ಆಟ. ಇವತ್ತು ಅದನ್ನ ಸಮರ್ಥಿಸಿಕೊಳ್ಳಲ್ಲ. ನಮ್ಮಲ್ಲಿ ಆ ಆಟ ಅಂಗಡಿಯಲ್ಲಿ ಸಿಗ್ತಾ ಇರಲಿಲ್ಲ ಅನ್ನೋದು ಕಾರಣ ಇರಬಹುದು, ಸಮರ್ಥನೆ ಅಲ್ಲ. ಅಂದಹಾಗೆ, ಪರೀಕ್ಷೆಯಲ್ಲಿ ಪಾಸಾದೆ. ಜಸ್ಟ್ ಪಾಸ್.

ಈಗ ಆಟದ ವಿಷಯ. ರೋಲ್ ಪ್ಲೇಯಿಂಗ್ ಗೇಮ್ ಅಂದ್ರೆ ಏನು? ಹೆಸರೇ ಹೇಳುತ್ತೆ, ಪಾತ್ರ ವಹಿಸೋ ಆಟ. ಕಾರ್ ಓಡಿಸೋ ಆಟದಲ್ಲಿ, ಗುಂಡು ಹಾರಿಸೋ ಆಟದಲ್ಲಿ ಬೆರಳಿನ ಚುರುಕು ಮುಖ್ಯ. ಇಲ್ಲಿ ಕಥೆ ಮುಖ್ಯ. ನಾಲ್ಕೈದು ಜನರ ತಂಡ ಊರಿಂದ ಊರಿಗೆ ಹೋಗುತ್ತೆ, ಜನರ ಹತ್ತಿರ ಮಾತಾಡುತ್ತೆ, ದಾರಿಯಲ್ಲಿ ರಾಕ್ಷಸರು ಅಡ್ಡ ಬಂದ್ರೆ ಹೋರಾಡುತ್ತೆ. ಹೋರಾಡಿದಷ್ಟೂ ಅನುಭವ ಸೇರುತ್ತೆ, ಅನುಭವ ಸೇರಿದಷ್ಟೂ ಪಾತ್ರಗಳ ಲೆವೆಲ್ ಏರುತ್ತೆ. ಒಂದು ಆಟ ಮುಗಿಸೋಕೆ ಇಪ್ಪತ್ತು, ಮೂವತ್ತು ಗಂಟೆ ಬೇಕು. ರಾತ್ರಿಯಿಡೀ ನಡೆಯೋ ಯಕ್ಷಗಾನ ಪ್ರಸಂಗವನ್ನ ವಾರಗಟ್ಟಲೆ ಎಳೆದ ಹಾಗೆ ಅಂದ್ಕೊಳ್ಳಿ. ವ್ಯತ್ಯಾಸ ಏನಂದ್ರೆ, ಇಲ್ಲಿ ವೇಷ ಕಟ್ಟೋದು ನೀವೇ.

ಫೈನಲ್ ಫ್ಯಾಂಟಸಿ 4 ಜಪಾನಿನಲ್ಲಿ ಬಂದಿದ್ದು 1991ರ ಜುಲೈನಲ್ಲಿ, ಸೂಪರ್ ಫ್ಯಾಮಿಕಾಮ್ ಅನ್ನೋ ಯಂತ್ರಕ್ಕೆ. ಮಾಡಿದ ಕಂಪನಿ ಸ್ಕ್ವೇರ್. ಮುಂದಾಳತ್ವ ಹಿರೊನೊಬು ಸಕಾಗುಚಿ ಅವರದ್ದು, ಕಥೆ ಮತ್ತು ವಿನ್ಯಾಸದಲ್ಲಿ ದೊಡ್ಡ ಪಾಲು ತಕಾಶಿ ಟೋಕಿತಾ ಅವರದ್ದು. ಈ ಟೋಕಿತಾ ಮೊದಲು ರಂಗನಟ ಆಗಬೇಕು ಅಂತಿದ್ದವರು. ಆಟ ಆಡಿದರೆ ಅದು ಗೊತ್ತಾಗುತ್ತೆ. ಪಾತ್ರಗಳು ರಂಗಕ್ಕೆ ಬರೋದು, ಹೋಗೋದು, ಮಾತಿನ ಮಧ್ಯೆ ಸುಮ್ಮನೆ ತಲೆ ತಗ್ಗಿಸಿ ನಿಲ್ಲೋದು, ಎಲ್ಲದರಲ್ಲೂ ನಾಟಕದ ಮನುಷ್ಯನ ಕೈ ಇದೆ.

ಅದೇ ವರ್ಷದ ಕೊನೆಗೆ ಈ ಆಟ ಅಮೆರಿಕಕ್ಕೆ ಹೋಯ್ತು. ಆದರೆ ಹೆಸರು ಫೈನಲ್ ಫ್ಯಾಂಟಸಿ 2! ಯಾಕೆ? ಜಪಾನಿನ ಎರಡನೆಯದೂ ಮೂರನೆಯದೂ ಅಮೆರಿಕಕ್ಕೆ ಹೋಗಿರಲೇ ಇಲ್ಲ. ಒಂದಾದ ಮೇಲೆ ಏಕಾಏಕಿ ನಾಲ್ಕು ಅಂದ್ರೆ ಗಿರಾಕಿ ಗೊಂದಲ ಆಗ್ತಾನೆ ಅಂತ ನಾಲ್ಕನ್ನೇ ಎರಡು ಮಾಡಿದ್ರು. ಹೆಸರು ಮಾತ್ರ ಅಲ್ಲ, ಒಳಗೂ ಕತ್ತರಿ ಬಿತ್ತು. ಅಮೆರಿಕದ ಮಕ್ಕಳಿಗೆ ಕಷ್ಟ ಆಗುತ್ತೆ ಅಂತ ಆಟ ಸುಲಭ ಮಾಡಿದ್ರು. ಧರ್ಮದ ವಾಸನೆ ಬರೋ ಪದಗಳನ್ನ ತೆಗೆದ್ರು. 'ಹೋಲಿ' ಅನ್ನೋ ಮಂತ್ರ 'ವೈಟ್' ಆಯ್ತು, ಪ್ರಾರ್ಥನೆಯ ಗೋಪುರ ಹಾರೈಕೆಯ ಗೋಪುರ ಆಯ್ತು. ಹಾಸ್ಟೆಲ್‌ನಲ್ಲಿ ನಾನು ಆಡಿದ್ದು ಈ ಕತ್ತರಿ ಬಿದ್ದ ಆವೃತ್ತಿ.

ಎಂಜಿನಿಯರ್ ಬುದ್ಧಿ ಬಿಡಲ್ಲ, ಒಂದು ಲೆಕ್ಕ ಹೇಳ್ತೀನಿ. 1991ರ ಆ ಕಾರ್ಟ್ರಿಜ್‌ನಲ್ಲಿ ಇದ್ದ ಜಾಗ 1 ಎಂಬಿ. ಬೆಳಗ್ಗೆ ಎದ್ದ ಕೂಡಲೇ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬರೋ ಒಂದು ಗುಡ್ ಮಾರ್ನಿಂಗ್ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತೆ. ಆ 1 ಎಂಬಿಯಲ್ಲಿ ಒಂದು ಭೂಮಿ, ಭೂಮಿಯ ಕೆಳಗೊಂದು ಪಾತಾಳ, ಮೇಲೊಂದು ಚಂದ್ರಲೋಕ, ಹತ್ತಾರು ಊರು, ಹನ್ನೆರಡು ಪಾತ್ರ. ಜೊತೆಗೆ ನೊಬುವೊ ಉಯೆಮಾತ್ಸು ಅವರ ಸಂಗೀತ. ಆ ಯಂತ್ರ ಒಂದು ಸಲಕ್ಕೆ ಎಂಟು ಧ್ವನಿ ಮಾತ್ರ ನುಡಿಸಬಲ್ಲದು. ಆ ಎಂಟರಲ್ಲೇ ಅವರು ಮಾಡಿದ ಪ್ರೇಮದ ಸ್ವರ ಮುಂದೆ ಜಪಾನಿನ ಶಾಲಾ ಮಕ್ಕಳ ಸಂಗೀತ ಪಾಠಕ್ಕೂ ಸೇರಿತು. ಇಷ್ಟು ಇಕ್ಕಟ್ಟಿನಲ್ಲಿ ಬರೆದ ಕಥೆ ಎಲ್ಲವೂ ಹಿಡಿಸಲಿಲ್ಲ. ಬರೆದಿದ್ದರಲ್ಲಿ ಬಹುಪಾಲು ಮಾತು ಕತ್ತರಿಸಿ ಹಾಕಬೇಕಾಯ್ತು.

ಇನ್ನೊಂದು ಹೊಸತನ ಹೋರಾಟದ ಕ್ರಮ. ಅದಕ್ಕೂ ಮುಂಚಿನ ಆಟಗಳಲ್ಲಿ ಹೋರಾಟ ಅಂದ್ರೆ ಚೌಕಾಬಾರ ಇದ್ದಂಗೆ. ನನ್ನ ಸರದಿ ಮುಗಿದ ಮೇಲೆ ನಿನ್ನ ಸರದಿ. ನಾನು ಎದ್ದು ಹೋಗಿ ಕಾಫಿ ಕುಡಿದು ಬಂದರೂ ರಾಕ್ಷಸ ಪಾಪ ಕಾಯ್ತಾ ನಿಂತಿರ್ತಾನೆ. ಹಿರೊಯುಕಿ ಇತೊ ಅನ್ನೋ ವಿನ್ಯಾಸಕಾರ ಇದನ್ನ ಬದಲಿಸಿದರು. ಕಾರ್ ರೇಸ್ ನೋಡುವಾಗ ಹೊಳೆದ ಉಪಾಯ ಇದು. ಒಂದೊಂದು ಕಾರಿನ ವೇಗ ಒಂದೊಂದು, ಯಾರೂ ಯಾರಿಗೂ ಕಾಯಲ್ಲ. ಹಾಗೇ ಪ್ರತಿ ಪಾತ್ರಕ್ಕೂ ಒಂದು ಗಡಿಯಾರ. ಅದು ತುಂಬಿದವನು ಹೊಡೀತಾನೆ. ನೀವು ಯೋಚನೆ ಮಾಡ್ತಾ ಕೂತರೆ ಎದುರಿನವನು ಬಂದು ಬಾರಿಸಿ ಹೋಗ್ತಾನೆ. ಇದಕ್ಕೆ ಆಕ್ಟಿವ್ ಟೈಮ್ ಬ್ಯಾಟಲ್ ಅಂತ ಹೆಸರಿಟ್ಟರು. ರಾತ್ರಿ ಒಂಬತ್ತರ ನಮ್ಮ ಚರ್ಚಾ ಕಾರ್ಯಕ್ರಮ ನೋಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಅಷ್ಟೇ. ಯೋಚಿಸೋಕೆ ನಿಂತವನಿಗೆ ಮೈಕ್ ಸಿಗಲ್ಲ.

ಈಗ ಕಥೆಗೆ ಬನ್ನಿ.

ಬ್ಯಾರನ್ ಅನ್ನೋ ರಾಜ್ಯ. ಅಲ್ಲಿ ಹಾರುವ ಹಡಗುಗಳ ಒಂದು ಪಡೆ. ಅದರ ದಳಪತಿ ಸೆಸಿಲ್. ಕಪ್ಪು ಕವಚ ತೊಟ್ಟ ಕತ್ತಲ ಯೋಧ. ಆಟ ಶುರುವಾಗೋದೇ ಒಂದು ಅನ್ಯಾಯ ಮುಗಿದ ಮೇಲೆ. ಮಿಸಿಡಿಯಾ ಅನ್ನೋ ಮಂತ್ರವಾದಿಗಳ ಊರಿಗೆ ನುಗ್ಗಿ, ಎದುರು ನಿಲ್ಲದ ಜನರನ್ನ ಕೊಂದು, ಅವರ ಸ್ಫಟಿಕವನ್ನ ದೋಚಿಕೊಂಡು ಸೆಸಿಲ್ ವಾಪಸ್ ಬರ್ತಿದ್ದಾನೆ. ರಾಜಾಜ್ಞೆ. ಸೈನಿಕರು ಮುಖ ಮುಖ ನೋಡ್ಕೋತಾರೆ. ಸೆಸಿಲ್‌ಗೂ ಮನಸ್ಸಿಗೆ ಸಮಾಧಾನ ಇಲ್ಲ. ಅರಮನೆಗೆ ಬಂದು, ಯಾಕೆ ಹೀಗೆ ಅಂತ ರಾಜನನ್ನ ಕೇಳಿಬಿಡ್ತಾನೆ. ರಾಜ ಅವನ ದಳಪತಿ ಪಟ್ಟ ಕಿತ್ಕೊಂಡು ಒಂದು ಸಣ್ಣ ಕೆಲಸ ಒಪ್ಪಿಸ್ತಾನೆ. ಮಿಸ್ಟ್ ಅನ್ನೋ ಹಳ್ಳಿಯ ದಾರಿಯಲ್ಲಿ ಒಂದು ಪ್ರಾಣಿ ಇದೆ, ಅದನ್ನ ಕೊಲ್ಲು. ಆಮೇಲೆ ಈ ಉಂಗುರವನ್ನ ಆ ಹಳ್ಳಿಗೆ ಮುಟ್ಟಿಸು. ಅಷ್ಟೇ.

ಗೆಳೆಯ ಕೇನ್ ಜೊತೆ ಸೆಸಿಲ್ ಹೊರಡ್ತಾನೆ. ಗುಹೆಯಲ್ಲಿ ಮಂಜಿನ ಡ್ರ್ಯಾಗನ್ ಎದುರಾಗುತ್ತೆ. ಆ ಹೋರಾಟದಲ್ಲಿ ಒಂದು ವಿಚಿತ್ರ. ಡ್ರ್ಯಾಗನ್ ಮಧ್ಯೆ ಮಧ್ಯೆ ಮಂಜಾಗಿ ಕರಗಿ ಹೋಗುತ್ತೆ. ಆಗ ಕತ್ತಿ ಬೀಸಿದರೆ ಏಟು ನಿಮಗೇ ತಿರುಗುತ್ತೆ. ಕೈ ಕಟ್ಟಿ ಕಾಯಬೇಕು. ಹೊಡೆಯಬಾರದ ಹೊತ್ತು ಅಂತ ಒಂದು ಇರುತ್ತೆ ಅನ್ನೋದನ್ನ ಆಟ ಮೊದಲ ಗಂಟೆಯಲ್ಲೇ ಹೇಳಿಕೊಡುತ್ತೆ. ನಾವು ಕೇಳಿಸಿಕೊಳ್ಳಲ್ಲ, ಆ ಮಾತು ಬೇರೆ.

ಡ್ರ್ಯಾಗನ್ ಸತ್ತು ಹಳ್ಳಿಗೆ ಕಾಲಿಟ್ಟರೆ, ಸೆಸಿಲ್ ಕೈಯಲ್ಲಿದ್ದ ಉಂಗುರದಿಂದ ಬೆಂಕಿಯ ರಾಕ್ಷಸರು ಹೊರಗೆ ಬರ್ತಾರೆ. ಕಣ್ಣೆದುರೇ ಊರು ಸುಟ್ಟು ಹೋಗುತ್ತೆ. ಸುಡೋದಕ್ಕೆ ಅಂತಲೇ ರಾಜ ಕಳಿಸಿದ್ದು. ಉರಿಯೋ ಮನೆಗಳ ಮಧ್ಯೆ ಒಬ್ಬ ಹುಡುಗಿ ಅಳ್ತಾ ಕೂತಿದ್ದಾಳೆ, ರಿಡಿಯಾ. ಪಕ್ಕದಲ್ಲಿ ಅವಳ ತಾಯಿಯ ಶವ. ಡ್ರ್ಯಾಗನ್ ಅನ್ನೋದು ಆ ತಾಯಿ ಕರೆದ ಕಾವಲು ಪ್ರಾಣಿ, ಇಬ್ಬರ ಜೀವ ಒಂದಕ್ಕೊಂದು ಕಟ್ಟಿದ್ದು. ಅದು ಸತ್ತಾಗ ಇವಳೂ ಸತ್ತಳು.

ಸೆಸಿಲ್ ಸುಳ್ಳು ಹೇಳಲಿಲ್ಲ, ಮೋಸ ಮಾಡಲಿಲ್ಲ. ಕೊಟ್ಟಿದ್ದನ್ನ ತಗೊಂಡು ಹೋಗಿ ಮುಟ್ಟಿಸಿದ, ಅಷ್ಟೇ.

1991ರ ಅಮೆರಿಕನ್ ಆವೃತ್ತಿಯಲ್ಲಿ ಆ ಉಂಗುರಕ್ಕೆ ಉಂಗುರ ಅನ್ನೋ ಹೆಸರೂ ಇರಲಿಲ್ಲ. ಅದನ್ನ ಬರೀ 'ಪ್ಯಾಕೇಜ್' ಅಂತ ಕರೆದಿದ್ರು. ಹಾಸ್ಟೆಲ್‌ನಲ್ಲಿ ಈ ಪದ ನನಗೆ ಏನೂ ಅನಿಸಿರಲಿಲ್ಲ. ಆಮೇಲೆ ನಾನು ಸೇರಿದ ವೃತ್ತಿಯಲ್ಲಿ ದಿನಕ್ಕೆ ಐವತ್ತು ಸಲ ಕೇಳೋ ಪದ ಅದೇ ಆಯ್ತು. ದೃಶ್ಯ, ಧ್ವನಿ, ಬೈಟ್ ಎಲ್ಲ ಸೇರಿಸಿ ಕಟ್ಟಿದ ಸುದ್ದಿಗೆ ನಾವು ಟಿವಿಯವರು ಹೇಳೋದು, ಪ್ಯಾಕೇಜ್. "ಪ್ಯಾಕೇಜ್ ರೆಡಿನಾ?" "ಪ್ಯಾಕೇಜ್ ಬಿಡಿ." ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ರಿಮೇಕ್ ಅನ್ನೋದನ್ನ ನೋಡೋಣ. ನಮ್ಮ ಕನ್ನಡ ಪ್ರೇಕ್ಷಕರಿಗೆ ರಿಮೇಕ್ ಅಂದ ಕೂಡಲೇ ಮೂಗು ಮುರಿಯೋ ಅಭ್ಯಾಸ. ಪಕ್ಕದ ರಾಜ್ಯದಲ್ಲಿ ಗೆದ್ದ ಸಿನಿಮಾವನ್ನ ಹೀರೋ ಬದಲಿಸಿ ಇಳಿಸೋದು ಅಂತ ಅರ್ಥ. ಗೇಮ್ ಲೋಕದಲ್ಲಿ ಈ ಪದಕ್ಕೆ ಅರ್ಥ ಬೇರೆ. ತಾವೇ ಮಾಡಿದ್ದನ್ನ ಹೊಸ ಯಂತ್ರಕ್ಕೆ ಮತ್ತೆ ಮೊದಲಿಂದ ಕಟ್ಟೋದು. ಫೈನಲ್ ಫ್ಯಾಂಟಸಿ 4ರ ಡಿಎಸ್ ರಿಮೇಕ್ ಜಪಾನಿನಲ್ಲಿ ಬಂದಿದ್ದು 2007ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 2008ರ ಜುಲೈನಲ್ಲಿ. ಕಟ್ಟಿದ್ದು ಮ್ಯಾಟ್ರಿಕ್ಸ್ ಸಾಫ್ಟ್‌ವೇರ್ ಅನ್ನೋ ಕಂಪನಿ. ಮೇಲ್ವಿಚಾರಣೆಗೆ ಮತ್ತೆ ಅದೇ ಟೋಕಿತಾ. ಹದಿನಾರು ವರ್ಷದ ಹಿಂದೆ ತಾನೇ ಕತ್ತರಿಸಿದ್ದನ್ನ ಹುಡುಕಿ ಜೋಡಿಸೋ ಅವಕಾಶ ಎಷ್ಟು ಜನರಿಗೆ ಸಿಗುತ್ತೆ ಹೇಳಿ?

ಏನು ಬದಲಾಯ್ತು? ಚಪ್ಪಟೆ ಬೊಂಬೆಗಳಿದ್ದ ಕಡೆ ಮೂರು ಆಯಾಮದ ಪಾತ್ರಗಳು. ಮುಖ್ಯ ದೃಶ್ಯಗಳಲ್ಲಿ ನಟರ ಧ್ವನಿ. ಇಂಗ್ಲಿಷ್ ಅನುವಾದ ಹೊಸದು. ಒಂದು ಪರದೆಯಲ್ಲಿ ನೀವು ಗುಹೆಯಲ್ಲಿ ನಡೀತಿದ್ರೆ ಇನ್ನೊಂದರಲ್ಲಿ ನಕ್ಷೆ ತಾನಾಗೇ ಬರೆದುಕೊಳ್ಳುತ್ತೆ. ಪೂರ್ತಿ ತುಂಬಿಸಿದರೆ ಬಹುಮಾನ. ತಂಡ ಬಿಟ್ಟು ಹೋದವರ ಕೆಲವು ಸಾಮರ್ಥ್ಯಗಳನ್ನ ಉಳಿದವರಿಗೆ ಹಂಚೋ ಏರ್ಪಾಟು ಬಂತು. ಖಳನಾಯಕ ಗೋಲ್ಬೆಜ್ ಹೇಗೆ ಹಾಗಾದ ಅನ್ನೋದಕ್ಕೆ ಅವನ ಬಾಲ್ಯದ ದೃಶ್ಯಗಳು ಸೇರಿಕೊಂಡವು. ಹಾಗಾಗಿ ಕೊನೆಯಲ್ಲಿ ಅವನ ಮೇಲೆ ಸಿಟ್ಟಿನ ಜೊತೆ ಮರುಕವೂ ಬರುತ್ತೆ.

ಆಟ ಕಷ್ಟವೂ ಆಯ್ತು. ಹಾಸ್ಟೆಲ್‌ನಲ್ಲಿ ಕಣ್ಣು ಮುಚ್ಚಿ ಬಟನ್ ಒತ್ತಿ ಗೆದ್ದಿದ್ದ ಕಡೆಯಲ್ಲೆಲ್ಲ ಇಲ್ಲಿ ಸೋತೆ. ಹಳೇ ನೆನಪು ನಂಬಿಕೊಂಡು ನುಗ್ಗಿದವನಿಗೆ ಈ ರಿಮೇಕ್ ಕಪಾಳಕ್ಕೆ ಬಿಡುತ್ತೆ. ನಾನು ಇದನ್ನ ಆಡಿದ್ದು ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಬಂದ ಮೇಲೆ, ಹನ್ನೆರಡರಿಂದ ಒಂದರವರೆಗೆ. ಕೈಯಲ್ಲಿ ಹಿಡಿದು ಹಾಸಿಗೆಯಲ್ಲೇ ಆಡಬಹುದು, ಮುಚ್ಚಿದರೆ ಆಟ ನಿಂತಲ್ಲೇ ಮಲಗುತ್ತೆ. ಹಾಸ್ಟೆಲ್‌ನಲ್ಲಿ ಹಿಂದೆ ಹತ್ತು ಜನ ನಿಂತು ಸಲಹೆ ಕೊಡ್ತಿದ್ರು. ಈಗ ಕತ್ತಲ ಕೋಣೆ, ಅಂಗೈಯಲ್ಲಿ ಪರದೆ, ಬೇರೆ ಯಾರೂ ಇಲ್ಲ. ಒಂದೇ ಕಥೆ ಆ ಗದ್ದಲದಲ್ಲಿ ಬೇರೆ ಕಾಣುತ್ತೆ, ಈ ಮೌನದಲ್ಲಿ ಬೇರೆ ಕಾಣುತ್ತೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ಬದಲಾವಣೆ. ಈ ರಿಮೇಕ್‌ನಲ್ಲಿ ಮೆನು ತೆಗೆದರೆ, ಆ ಹೊತ್ತಿಗೆ ತಂಡದ ಮುಂದೆ ನಡೀತಿರೋ ಪಾತ್ರದ ಮನಸ್ಸಿನ ಮಾತು ಕಾಣುತ್ತೆ. ಬಾಯಲ್ಲಿ ಹೇಳದೆ ಇದ್ದಿದ್ದು. ಹಳೇ ಆಟದಲ್ಲಿ ಸೆಸಿಲ್ ಏನು ಮಾಡಿದ ಅನ್ನೋದು ಮಾತ್ರ ಗೊತ್ತಾಗ್ತಿತ್ತು. ಇಲ್ಲಿ ಆ ಕಪ್ಪು ಕವಚದೊಳಗೆ ಅವನು ಏನು ಅಂದ್ಕೊತಿದ್ದಾನೆ ಅನ್ನೋದು ಗೊತ್ತಾಗುತ್ತೆ. ಮಿಸ್ಟ್‌ಗೆ ಹೋಗೋ ದಾರಿಯಲ್ಲಿ ಆ ಸಾಲುಗಳನ್ನ ಓದ್ತಾ ನನಗೆ ನಿದ್ದೆ ಹೋಯ್ತು. ಕಾರಣ ಹೇಳ್ತೀನಿ.

ಹಲವು ವರ್ಷಗಳ ಹಿಂದಿನ ಮಾತು. ನಾನು ಆಗ ಬೇರೆ ಚಾನೆಲ್‌ನಲ್ಲಿದ್ದೆ. ಒಂದು ಸಂಜೆ ಪ್ಯಾಕೇಜ್ ಬಂತು. ಒಂದು ಸಣ್ಣ ಊರು. ಹುಟ್ಟುಹಬ್ಬಕ್ಕೆ ಹೋಗಿದ್ದ ಮಕ್ಕಳು ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದ್ದಾರೆ. ಕೇಕ್ ತಂದಿದ್ದು ಇಂಥ ಬೇಕರಿಯಿಂದ. ಬೇಕರಿಯ ಬೋರ್ಡ್ ದೊಡ್ಡದಾಗಿ ಕಾಣೋ ದೃಶ್ಯ, ಅಳ್ತಿರೋ ತಾಯಿ, ಆಸ್ಪತ್ರೆಯ ಬಾಗಿಲು. ಹೆಡ್‌ಲೈನ್ ಟೆಲಿಪ್ರಾಂಪ್ಟರ್‌ನಲ್ಲಿ ಬಂತು: 'ಹುಟ್ಟುಹಬ್ಬದ ಕೇಕ್‌ನಲ್ಲಿ ವಿಷ?' ನಾನು ಓದಿದೆ. ಗಟ್ಟಿ ದನಿಯಲ್ಲಿ ಓದಿದೆ. ಎರಡು ಗಂಟೆಯಲ್ಲಿ ಆರು ಸಲ ಓದಿದೆ.

ಆ ಪ್ರಶ್ನಾರ್ಥಕ ಚಿಹ್ನೆ ಗಮನಿಸಿ. ನಮ್ಮ ವೃತ್ತಿಯಲ್ಲಿ ಅದೇ ದೊಡ್ಡ ಕವಚ. ನಾವು ವಿಷ ಇದೆ ಅಂತ ಹೇಳಲಿಲ್ಲ, ಇದೆಯಾ ಅಂತ ಕೇಳಿದ್ವಿ ಅಷ್ಟೇ. ಆದರೆ ಆ ಚಿಹ್ನೆ ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳಲ್ಲ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸ್ತಾ ಸುದ್ದಿ ಕೇಳೋರಿಗೆ ಕೇಳಿಸೋದು ಎರಡೇ ಪದ. ಕೇಕ್, ವಿಷ.

ಅದೇ ರಾತ್ರಿ ಬೇಕರಿಯ ಗಾಜು ಒಡೆದರು. ನಾಲ್ಕೈದು ದಿನ ಬಿಟ್ಟು ಪರೀಕ್ಷೆಯ ವರದಿ ಬಂತು. ಕೇಕ್‌ನಲ್ಲಿ ಏನೂ ಇರಲಿಲ್ಲ. ತೊಂದರೆ ಇದ್ದಿದ್ದು ಆ ಮನೆಯಲ್ಲಿ ಮಕ್ಕಳಿಗೆ ಕುಡಿಯೋಕೆ ಕೊಟ್ಟ ತೊಟ್ಟಿ ನೀರಿನಲ್ಲಿ. ಪುಣ್ಯಕ್ಕೆ ಮಕ್ಕಳೆಲ್ಲ ಹುಷಾರಾಗಿ ಮನೆ ಸೇರಿದ್ದರು. ನಾವು ಆ ವರದಿಯನ್ನ ಹಾಕಿದ್ವಿ. ರಾತ್ರಿ ಹನ್ನೊಂದರ ಮೇಲೆ, ಪರದೆಯ ಕೆಳಗೆ ಓಡೋ ಪಟ್ಟಿಯಲ್ಲಿ, ಒಂದು ಸಾಲು.

ಒಂದು ವಾರ ಕಳೆದು ಬೇಕರಿಯವರು ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. "ಸಾರ್, ನೀವೇ ಅಲ್ವಾ ಓದಿದ್ದು? ಅದು ತಪ್ಪು ಅಂತ ನೀವೇ ಒಂದ್ ಸಲ ಓದ್ಬಿಡಿ ಸಾರ್. ನಿಮ್ ಬಾಯಲ್ಲಿ ಬಂದ್ರೆ ಜನ ನಂಬ್ತಾರೆ" ಅಂದ್ರು. ನಾನು ಹೇಳಿದ್ದು, "ಡೆಸ್ಕ್‌ಗೆ ಹೇಳ್ತೀನಿ." ಹೇಳಿದೆ ಕೂಡ. ಡೆಸ್ಕ್‌ನವರು "ನೋಡೋಣ" ಅಂದ್ರು. ಅವತ್ತು ಯಾರೋ ಮಂತ್ರಿ ರಾಜೀನಾಮೆ ಕೊಟ್ಟಿದ್ದರು. ನಾನು ಮರೆತೆ.

ಇಲ್ಲಿ ಸುಳ್ಳು ಹೇಳಿದವರು ಯಾರು? ವರದಿಗಾರ ಊರಲ್ಲಿ ಕೇಳಿದ್ದನ್ನ ಕಳಿಸಿದ. ಡೆಸ್ಕ್‌ನವರು ಬಂದಿದ್ದನ್ನ ತಿದ್ದಿದರು. ಎಡಿಟರ್ ಕೊಟ್ಟಿದ್ದನ್ನ ಕಟ್ಟಿದ. ನಾನು ಬಂದಿದ್ದನ್ನ ಓದಿದೆ. ಎಲ್ಲರೂ ಅವರವರ ಕೆಲಸ ಮಾಡಿದ್ವಿ. ಒಂದು ಅಂಗಡಿ ಹೋಯ್ತು.

ಇನ್ನು ಸೆಸಿಲ್ ಏನು ಮಾಡಿದ? ಅನಾಥೆ ರಿಡಿಯಾಳನ್ನ ಜೊತೆಗೆ ಕರ್ಕೊಂಡು ರಾಜನ ವಿರುದ್ಧ ತಿರುಗಿ ನಿಂತ. ಆದರೆ ಆಟ ಅವನನ್ನ ಅಷ್ಟಕ್ಕೇ ಬಿಡಲ್ಲ. ಹಡಗು ಒಡೆದು ಅವನು ಒಂಟಿಯಾಗಿ ದಡ ಸೇರೋ ಜಾಗ ಯಾವುದು ಗೊತ್ತಾ? ತಾನೇ ದೋಚಿದ ಮಿಸಿಡಿಯಾ. ಅಲ್ಲಿ ಒಬ್ಬರೂ ಅವನ ಮುಖ ನೋಡಲ್ಲ. ಒಬ್ಬರು ಮಂತ್ರ ಹಾಕಿ ಕಪ್ಪೆ ಮಾಡ್ತಾರೆ, ಇನ್ನೊಬ್ಬರು ಹಂದಿ ಮಾಡ್ತಾರೆ. ನೀವು ಆ ಕಪ್ಪೆಯನ್ನೇ ನಡೆಸ್ಕೊಂಡು ಊರ ಹಿರಿಯರ ಮನೆಗೆ ಹೋಗಬೇಕು. ಹಿರಿಯರು ಅವನ ಕ್ಷಮೆಯ ಮಾತನ್ನ ಸುಲಭಕ್ಕೆ ತಗೊಳ್ಳಲ್ಲ, ಮಾತಿನಿಂದ ಸತ್ತವರು ಬರ್ತಾರಾ ಅನ್ನೋ ಧಾಟಿ ಅವರದ್ದು. ಪರೀಕ್ಷೆಯ ಬೆಟ್ಟ ಹತ್ತು ಅಂತಾರೆ. ದಾರಿ ತೋರಿಸೋಕೆ ಅಂತ ಪಾಲೋಮ್, ಪೋರೋಮ್ ಅನ್ನೋ ಅವಳಿ ಮಕ್ಕಳನ್ನ ಜೊತೆಗೆ ಕಳಿಸ್ತಾರೆ. ನಿಜವಾಗಿ ಅವರ ಕೆಲಸ ಇವನ ಮೇಲೆ ಕಣ್ಣಿಡೋದು.

ಆ ಬೆಟ್ಟದ ಪ್ರೇತಗಳ ಮುಂದೆ ಸೆಸಿಲ್‌ನ ಕತ್ತಲ ಕತ್ತಿ ನಾಟೋದೇ ಇಲ್ಲ. ಯಾವ ಅಸ್ತ್ರದಿಂದ ಅವನು ದೊಡ್ಡವನಾದನೋ ಅದು ಇಲ್ಲಿ ಕೆಲಸಕ್ಕೆ ಬರಲ್ಲ. ತುದಿಯಲ್ಲಿ ಕನ್ನಡಿಗಳ ಕೋಣೆ. ಅಲ್ಲಿ ಅವನು ಬೆಳಕಿನ ಯೋಧ ಆಗ್ತಾನೆ. ಆದರೆ ಕನ್ನಡಿಯಲ್ಲಿ ಇನ್ನೂ ಹಳೇ ಕಪ್ಪು ಕವಚದ ಸೆಸಿಲ್ ಇದ್ದಾನೆ. ಅವನು ಕತ್ತಿ ಹಿರಿದು ಮೇಲೆ ಬೀಳ್ತಾನೆ.

ಹಾಸ್ಟೆಲ್‌ನಲ್ಲಿ ನಾನು ಮಾಡಿದ್ದೇನು? ಹೊಡೆದೆ. ಮತ್ತೆ ಹೊಡೆದೆ. ಹಿಂದೆ ನಿಂತ ಹುಡುಗರೂ "ಹೊಡಿ ಮಗಾ" ಅಂತಲೇ ಕಿರುಚಿದ್ರು. ಈ ಹೋರಾಟಕ್ಕೆ ಉತ್ತರ ಅದಲ್ಲ. ತಿರುಗಿ ಹೊಡೆಯಬಾರದು. ಏಟು ತಡೆದುಕೊಂಡು ಸುಮ್ಮನೆ ನಿಲ್ಲಬೇಕು. ಆಗ ಆ ಕಪ್ಪು ನೆರಳು ತಾನಾಗಿ ಸೋಲುತ್ತೆ. ನಿಮ್ಮ ಗಡಿಯಾರ ತುಂಬಿದೆ, ಬೆರಳು ಬಟನ್ ಮೇಲಿದೆ, ಆದರೂ ಹೊಡೆಯಬಾರದು. ಇಡೀ ಆಟದಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ.

ಇನ್ನೊಂದು ವಿಷಯ ಇದೆ. ಬೆಳಕಿನ ಯೋಧ ಆದ ಕೂಡಲೇ ಸೆಸಿಲ್‌ನ ಲೆವೆಲ್ ಎಷ್ಟಾಗುತ್ತೆ? ಒಂದು. ಅಷ್ಟು ದಿನ ಗಂಟೆಗಟ್ಟಲೆ ಹೋರಾಡಿ ಏರಿಸಿದ ಲೆವೆಲ್ ಎಲ್ಲ ಹೋಗಿ ಮತ್ತೆ ಒಂದರಿಂದ ಶುರು. ಆಗ ಸಿಟ್ಟು ಬಂದಿತ್ತು ನನಗೆ. ಈಗ ನೋಡಿದರೆ, ಆ ಆಟದಲ್ಲಿ ಇದಕ್ಕಿಂತ ಪ್ರಾಮಾಣಿಕ ಲೆಕ್ಕ ಇನ್ನೊಂದಿಲ್ಲ. ತಪ್ಪಿನ ದಾರಿಯಲ್ಲಿ ಗಳಿಸಿದ ಅನುಭವ ಸರಿ ದಾರಿಯಲ್ಲಿ ಜಮಾ ಆಗಲ್ಲ.

ಆಟವನ್ನ ಹೊಗಳ್ತಾನೇ ಇರಲ್ಲ, ಅದರ ಒಂದು ದೌರ್ಬಲ್ಯವನ್ನೂ ಹೇಳಬೇಕು. ಈ ಕಥೆಯಲ್ಲಿ ಜನ ತ್ಯಾಗ ಮಾಡಿ ಮಾಡಿ ಸಾಯ್ತಾರೆ, ಆಮೇಲೆ ವಾಪಸ್ ಬರ್ತಾರೆ. ಕಲ್ಲಾದ ಅವಳಿ ಮಕ್ಕಳು ಬರ್ತಾರೆ, ಬಾಂಬ್ ಹಿಡಿದು ಹಡಗಿನಿಂದ ಜಿಗಿದ ಮುದುಕ ಬರ್ತಾನೆ. ತಂಡದವರಲ್ಲಿ ನಿಜವಾಗಿ ಸತ್ತು ಹೋಗೋದು ಟೆಲ್ಲಾ ಅನ್ನೋ ವೃದ್ಧ ಮಂತ್ರವಾದಿ ಒಬ್ಬನೇ. ರಿಮೇಕ್ ಕೂಡ ಇದನ್ನ ಬದಲಿಸಲಿಲ್ಲ. ಕಣ್ಣೀರು ಹಾಕಿಸಿ ಆಮೇಲೆ ಬಿಲ್ ಮಾಫಿ ಮಾಡಿದ ಹಾಗೆ. ನಿಜ ಜೀವನದಲ್ಲಿ ಹಾಗಾಗಲ್ಲ.

ನಮ್ಮದೇ ರಾಜ್ಯದಲ್ಲಿ ನೋಡಿದ್ದೀವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್ಆ್ಯಪ್ ಸುದ್ದಿ ಊರೂರು ಸುತ್ತಿತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಜನ ಗುಂಪು ಕಟ್ಟಿ ಅಮಾಯಕರನ್ನ ಹೊಡೆದು ಕೊಂದರು. ಅದೇ ಜುಲೈನಲ್ಲಿ ಆ ಕಂಪನಿ, ಭಾರತದಲ್ಲಿ ಒಂದು ಮೆಸೇಜನ್ನ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕೋದಾಗಿ ಹೇಳಿತು. ಆ ಮೆಸೇಜ್ ಫಾರ್ವರ್ಡ್ ಮಾಡಿದವರಲ್ಲಿ ಯಾರನ್ನೇ ಕೇಳಿ, ನಾನು ಯಾರನ್ನೂ ಕೊಂದಿಲ್ಲ ಅಂತಾರೆ. ನಿಜ. ಬಂದಿದ್ದನ್ನ ಮುಂದಕ್ಕೆ ಮುಟ್ಟಿಸಿದರು, ಅಷ್ಟೇ. ಪ್ಯಾಕೇಜ್ ಹೊರೋದು ಟಿವಿಯವರು ಮಾತ್ರ ಅಲ್ಲ.

ಆಟ ಮುಗಿಸಿದ ಮೇಲೆ ನಾನು ಆ ಊರಿಗೆ ಹೋದೆ. ಒಂದು ಭಾನುವಾರ. ಬೇಕರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಕೇಳ್ಕೊಂಡು ಮನೆ ಹುಡುಕಿದೆ. ಅವರು ಈಗ ಭಾಮೈದನ ಹೋಟೆಲ್‌ನಲ್ಲಿ ಲೆಕ್ಕ ನೋಡ್ಕೋತಾರೆ. ಬಾಗಿಲಲ್ಲಿ ನನ್ನನ್ನ ನೋಡಿದ ಕೂಡಲೇ ಗುರುತು ಸಿಕ್ತು, ಟಿವಿ ಮುಖ ಅಲ್ವಾ. ಒಳಗಿಂದ ಅವರ ಮನೆಯವರ ದನಿ ಕೇಳಿಸ್ತು. "ಈಗ ಬಂದು ಏನ್ ಮಾಡ್ತಾರಂತೆ?" ನಾನು ಉತ್ತರ ಕೊಡಲಿಲ್ಲ. ಕಾರಣ ಹೇಳಬಹುದಿತ್ತು, ಡೆಸ್ಕ್ ಅನ್ನಬಹುದಿತ್ತು, ಚಾನೆಲ್ ಅನ್ನಬಹುದಿತ್ತು. ಸುಮ್ಮನೆ ನಿಂತೆ.

ಕಾಫಿ ಕೊಟ್ಟರು. ಕುಡಿದು ಎದ್ದಾಗ, ನಾನೇನು ಮಾಡಬೇಕು ಹೇಳಿ ಅಂತ ಕೇಳಿದೆ. ಅವರು ಹೊಸದೇನೂ ಕೇಳಲಿಲ್ಲ. "ಅವತ್ತೇ ಹೇಳಿದ್ನಲ್ಲ ಸಾರ್. ಓದ್ಬಿಡಿ. ಹೆಸರು ಮಾತ್ರ ಹೇಳ್ಬೇಡಿ, ಮಗಳ ಮದುವೆ ಗೊತ್ತಾಗಿದೆ. ನಮ್ಮೂರೋರಿಗೆ ಅರ್ಥ ಆಗುತ್ತೆ" ಅಂದ್ರು.

ಅದಕ್ಕೇ ಇವತ್ತು ರಾಜಕೀಯ ಬೇಡ ಅಂದಿದ್ದು. ವೀಕ್ಷಕರೇ, ಇದನ್ನ ಓಡೋ ಪಟ್ಟಿಯಲ್ಲಿ ಹಾಕ್ತಿಲ್ಲ, ರಾತ್ರಿ ಹನ್ನೊ೦ದರ ಮೇಲೆ ಹಾಕ್ತಿಲ್ಲ. ನಿಮಗೆ ಗೊತ್ತಿರೋ ಇದೇ ಬಾಯಲ್ಲಿ ಓದ್ತಿದ್ದೀನಿ. ಹಲವು ವರ್ಷಗಳ ಹಿಂದೆ ಹುಟ್ಟುಹಬ್ಬದ ಕೇಕ್ ಬಗ್ಗೆ ನಾನು ಓದಿದ ಸುದ್ದಿ ತಪ್ಪು. ಆ ಕೇಕ್‌ನಲ್ಲಿ ವಿಷ ಇರಲಿಲ್ಲ. ಅದನ್ನ ಮಾಡಿದವರದ್ದು ಯಾವ ತಪ್ಪೂ ಇರಲಿಲ್ಲ. ಈ ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ.

ಇದರಿಂದ ಅಂಗಡಿ ವಾಪಸ್ ಬರಲ್ಲ ಅಂತ ನನಗೆ ಗೊತ್ತು. ಇನ್ಮೇಲೆ ಪ್ಯಾಕೇಜ್ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳ್ತೀನಿ, ನೀವೂ ಫಾರ್ವರ್ಡ್ ಒತ್ತೋ ಮುಂಚೆ ಕೇಳಿ. ಇದರೊಳಗೆ ಏನಿದೆ, ಕಳಿಸಿದವರು ಯಾರು?

ನನ್ನ ಲೆವೆಲ್ ಇವತ್ತು ಒಂದು. ನಾಳೆ ಇದೇ ಹೊತ್ತಿಗೆ ಮತ್ತೆ ಸಿಗೋಣ. ನಮಸ್ಕಾರ.